ಡಕ್ಟ್ ಅಳತೆ ಬ್ಲೋವರ್ ಬಾಯಿಯಿಂದ ಬರಬಾರದು: ಒಂದು ಹೋಟೆಲ್ ಎಕ್ಸಾಸ್ಟ್ ಮತ್ತೆ ಕಟ್ಟಿದ ಕೆಲಸ

ಬೆಂಗಳೂರಿನ ಹಳೇ ಬಡಾವಣೆಯೊಂದರಲ್ಲಿ ಸಸ್ಯಾಹಾರಿ ಹೋಟೆಲ್. ಗ್ರೌಂಡ್ ಫ್ಲೋರಿನಲ್ಲಿ ಅಡುಗೆಮನೆ ಮತ್ತು ಹಾಲ್, ಮೇಲಿನ ಎರಡು ಮಹಡಿಯಲ್ಲಿ ಆಫೀಸುಗಳು. ದೂರು ಎರಡಿತ್ತು. ಬೆಳಗಿನ ರಶ್ಶಿನಲ್ಲಿ ದೋಸೆ ಕಾವಲಿಯ ಹೊಗೆ ಹುಡ್ (ಒಲೆಗಳ ಮೇಲೆ ಹೊಗೆ ಹಿಡಿಯುವ ಗೂಡು) ಒಳಗೆ ಹೋಗದೆ ಮುಂದಕ್ಕೆ ಉಕ್ಕಿ ಹಾಲ್‌ಗೆ ನುಗ್ಗುತ್ತಿತ್ತು. ಇನ್ನೊಂದು, ಮೊದಲ ಮಹಡಿಯ ಆಫೀಸಿನವರು ಒಗ್ಗರಣೆ ಘಾಟು ತಡೆಯೋಕಾಗದೆ ದಿನಾ ಕೆಳಗಿಳಿದು ಬರುತ್ತಿದ್ದರು. ಮಾಲೀಕರು ಕೇಳಿದ್ದು ಇಷ್ಟೇ: "ಇನ್ನೂ ದೊಡ್ಡ ಬ್ಲೋವರ್ ಹಾಕ್ಕೊಡಿ ಸಾರ್."

ಬ್ಲೋವರ್ ಅಂದರೆ ಹೊಗೆಯನ್ನು ಡಕ್ಟ್ ಅನ್ನುವ ತಗಡಿನ ಕೊಳವೆಯಲ್ಲಿ ಹೊರಗೆ ಸಾಗಿಸುವ ಫ್ಯಾನ್. ಅವರು ಆಗಲೇ ಒಂದು ಸಲ ಹಾಗೆ ಮಾಡಿಸಿದ್ದರು. ಮೊದಲು ಇದ್ದದ್ದು 2 ಎಚ್‌ಪಿ ಮೋಟಾರ್. ಅದನ್ನು ತೆಗೆದು 3 ಎಚ್‌ಪಿ ಹಾಕಿ, ಪುಲ್ಲಿ ಬದಲಿಸಿ, ಬ್ಲೋವರ್ ಜೋರಾಗಿ ತಿರುಗುವಂತೆ ಮಾಡಿದ್ದರು. ಸದ್ದು ಜಾಸ್ತಿ ಆಯಿತು, ಹೊಗೆ ಹಾಗೇ ಉಳಿಯಿತು. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಫ್ಯಾನಿನ ನಿಯಮ ಹೀಗಿದೆ: ವೇಗ ಎಷ್ಟು ಪಟ್ಟು ಏರುತ್ತದೋ ಗಾಳಿಯೂ ಅಷ್ಟೇ ಪಟ್ಟು ಏರುತ್ತದೆ. ಆದರೆ ಒತ್ತಡ ಅದರ ವರ್ಗದಷ್ಟು, ವಿದ್ಯುತ್ತು ಅದರ ಘನದಷ್ಟು ಏರುತ್ತವೆ. ಮೋಟಾರ್ ಒಂದೂವರೆ ಪಟ್ಟು ದೊಡ್ಡದಾದರೆ ಗಾಳಿ ಹೆಚ್ಚುವುದು ಶೇಕಡಾ 15ರ ಆಸುಪಾಸು ಮಾತ್ರ. ಕರೆಂಟ್ ಬಿಲ್ ಏರುತ್ತದೆ, ಹೊಗೆಗೆ ಅದು ಗೊತ್ತೇ ಆಗುವುದಿಲ್ಲ.

ಹಳೇ ಲೈನ್ ಹೇಗಿತ್ತು

ಹುಡ್ 10 ಅಡಿ ಉದ್ದ, 4 ಅಡಿ ಆಳ, ಗೋಡೆಗೆ ಒತ್ತಿದ್ದು. ಅದರ ಕೆಳಗೆ ಎರಡು ದೋಸೆ ಕಾವಲಿ, ಪಕ್ಕದಲ್ಲಿ ಸಾಂಬಾರ್ ಕುದಿಸುವ ಎರಡು ಗ್ಯಾಸ್ ಭಟ್ಟಿ. ಇಡ್ಲಿ ಸ್ಟೀಮರ್ ಬೇರೆ ಗೋಡೆಯಲ್ಲಿತ್ತು, ಅದನ್ನು ಈ ಕೆಲಸಕ್ಕೆ ಸೇರಿಸಿಲ್ಲ. ಡಕ್ಟ್ 14 × 12 ಇಂಚು, ಅಂದರೆ 350 × 300 ಎಂಎಂ. 24 ಗೇಜ್ ಜಿಐ (ಸತು ಲೇಪಿಸಿದ) ಶೀಟ್, ತುಂಡುಗಳನ್ನು ಜೋಡಿಸುವ ಆ್ಯಂಗಲ್ ಫ್ಲೇಂಜ್, ನಡುವೆ ರಬ್ಬರ್ ಗ್ಯಾಸ್ಕೆಟ್. ಒಟ್ಟು 22 ಮೀಟರ್ ಉದ್ದ, ನಾಲ್ಕು ಬೆಂಡ್. ನಾಲ್ಕೂ ಚೌಕ ಮೂಲೆಯ ಬೆಂಡ್‌ಗಳು. ಬ್ಲೋವರ್ ಅಡುಗೆಮನೆಯ ಹಿಂದೆ ನೆಲದ ಮೇಲೆ ಕೂತು, ಗಾಳಿಯನ್ನು ಶಾಫ್ಟ್ (ಮಹಡಿಗಳ ಪಕ್ಕ ಮೇಲಕ್ಕೇರುವ ಕಿಂಡಿ) ಮೂಲಕ ತಾರಸಿಗೆ ತಳ್ಳುತ್ತಿತ್ತು. ತುದಿಯಲ್ಲಿ ಮಳೆಗೆ ಅಂತ ಟೋಪಿಯಾಕಾರದ ಕೌಲ್.

14 × 12 ಎಲ್ಲಿಂದ ಬಂತು ಅಂತ ಹುಡುಕಿದರೆ ಉತ್ತರ ಬ್ಲೋವರ್ ಮೇಲೇ ಇತ್ತು. ಬ್ಲೋವರ್‌ನ ಔಟ್‌ಲೆಟ್ 14 × 12! ಆ ಬಾಯಿಗೆ ಫ್ಲೇಂಜ್ ಕೂರಿಸಿ, ಅದೇ ಅಳತೆಯಲ್ಲಿ ತಾರಸಿವರೆಗೂ ಡಕ್ಟ್ ಎಳೆದಿದ್ದಾರೆ. ನಮ್ಮ ಕಸುಬಿನಲ್ಲಿ ಇದು ತುಂಬಾ ನಡೆಯುತ್ತದೆ. ಒಂದು ಅಳತೆಯಿಂದ ಇನ್ನೊಂದಕ್ಕೆ ಸೇರಿಸುವ ಟ್ರಾನ್ಸಿಷನ್ ಪೀಸ್ ಮಾಡುವ ಕೆಲಸ ಉಳಿಯುತ್ತದೆ, ಶೀಟೂ ಕಡಿಮೆ ಹಿಡಿಯುತ್ತದೆ. ಆದರೆ ಬ್ಲೋವರ್ ಬಾಯಲ್ಲಿ ಗಾಳಿ ಯಾವ ವೇಗದಲ್ಲಿ ಬರುತ್ತದೋ ಅದೇ ವೇಗದಲ್ಲಿ 22 ಮೀಟರ್ ಓಡಿಸಬೇಕು ಅಂತ ಎಲ್ಲೂ ಇಲ್ಲ. ಬಾಯಿ ಬ್ಲೋವರ್ ತಯಾರಿಸಿದವರ ಲೆಕ್ಕ. ಡಕ್ಟ್ ನಮ್ಮ ಲೆಕ್ಕ.

ಒಂದು ಬೆಂಡ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆವು. ಹೊರ ಮೂಲೆಯ ಶೀಟ್ ಬಹುತೇಕ ಸ್ವಚ್ಛ, ಅಲ್ಲಲ್ಲಿ ಜಿಂಕ್ ಹೊಳಪು ಕೂಡ ಉಳಿದಿತ್ತು. ಒಳ ಮೂಲೆ ದಾಟಿದ ತಕ್ಷಣ ಒಂದು ಪಕ್ಕಕ್ಕೆ ಬೆರಳು ದಪ್ಪದ ಕಪ್ಪು ಎಣ್ಣೆ, ಅಂಟುಅಂಟಾಗಿ. ಚೌಕ ಮೂಲೆಯಲ್ಲಿ ಗಾಳಿ ಒಳಗೋಡೆ ಬಿಟ್ಟು ಹೊರಗೋಡೆಗೆ ಬಡಿದು ತಿರುಗುತ್ತದೆ. ಒಳಗಡೆ ಸುಳಿ ಏಳುತ್ತದೆ, ಆ ಸುಳಿಯಲ್ಲಿ ಎಣ್ಣೆ ಕೂರುತ್ತದೆ. ಅಂದರೆ ಡಕ್ಟ್‌ನ ಅಗಲದಲ್ಲಿ ಒಂದು ಭಾಗ ಗಾಳಿಗೆ ಸಿಗುವುದೇ ಇಲ್ಲ. ಪುಸ್ತಕದಲ್ಲಿ ಬೆಂಡ್‌ನಲ್ಲಿ ಒತ್ತಡ ಎಷ್ಟು ನಷ್ಟ ಅಂತ ಹೇಳುವ ಲಾಸ್ ಕೋಎಫಿಶಿಯೆಂಟ್ ಅಂತ ಒಂದು ಸಂಖ್ಯೆ ಇರುತ್ತದಲ್ವಾ, ಅದು ಇಲ್ಲಿ ಎಣ್ಣೆಯಲ್ಲೇ ಬರೆದಿತ್ತು.

ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಹಿಡಿದು ಅಳೆದರೆ ಹುಡ್ ಎಳೆಯುತ್ತಿದ್ದದ್ದು ಸುಮಾರು 2,200 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ.

ಎಷ್ಟು ಗಾಳಿ ಬೇಕು

ಎರಡು ದಾರಿಯಲ್ಲಿ ಲೆಕ್ಕ ಹಾಕಿದೆ. ನಮ್ಮಲ್ಲಿ ಎಲ್ಲರೂ ಬಳಸುವುದು ಹುಡ್ ಬಾಯಿಯ ವೇಗ: ನಿಮಿಷಕ್ಕೆ 100 ಅಡಿ, ಅಂದರೆ ಸೆಕೆಂಡಿಗೆ ಅರ್ಧ ಮೀಟರ್. 10 × 4 ಅಡಿ ಹುಡ್‌ಗೆ 40 ಚದರ ಅಡಿ, ಅದಕ್ಕೆ 4,000 ಸಿಎಫ್‌ಎಂ. ಇನ್ನೊಂದು, ಅಮೆರಿಕದ ಮೆಕ್ಯಾನಿಕಲ್ ಕೋಡ್‌ನ ಲೆಕ್ಕ. ಅದರಲ್ಲಿ ಗೋಡೆಗೆ ಒತ್ತಿದ ಸಾದಾ ಹುಡ್‌ಗೆ ಉದ್ದದ ಅಡಿಗೆ ಇಷ್ಟು ಅಂತ ಇದೆ. ಕಾವಲಿಯಂಥ ಮಧ್ಯಮ ಕೆಲಸಕ್ಕೆ 300, ತೆರೆದ ಗ್ಯಾಸ್ ಉರಿಯಂಥ ಭಾರೀ ಕೆಲಸಕ್ಕೆ 400 ಸಿಎಫ್‌ಎಂ. ಒಂದೇ ಹುಡ್ ಕೆಳಗೆ ಎರಡೂ ಇದ್ದರೆ ಭಾರೀ ಲೆಕ್ಕವನ್ನೇ ಹಿಡಿಯಬೇಕು. 10 ಅಡಿಗೆ ಮತ್ತೆ 4,000. ಎರಡೂ ಒಂದೇ ಕಡೆ ಬಂದು ನಿಂತದ್ದರಿಂದ ಧೈರ್ಯ ಬಂತು. 4,000 ಸಿಎಫ್‌ಎಂ ಅಂದರೆ ಸೆಕೆಂಡಿಗೆ 1.89 ಘನ ಮೀಟರ್.

ಇಷ್ಟು ಗಾಳಿಯನ್ನು ಹಳೇ ಡಕ್ಟ್‌ನಲ್ಲಿ ಓಡಿಸಿದರೆ ಏನಾಗುತ್ತದೆ? ವಿಸ್ತೀರ್ಣ 0.105 ಚದರ ಮೀಟರ್. ವೇಗ ಸೆಕೆಂಡಿಗೆ 18 ಮೀಟರ್. ಆ ವೇಗದಲ್ಲಿ ನೇರ ಡಕ್ಟ್‌ನ ಪ್ರತಿ ಮೀಟರ್‌ಗೂ ಸುಮಾರು 11 ಪಾಸ್ಕಲ್ (ಒತ್ತಡದ ಮಾನ) ಘರ್ಷಣೆ. 22 ಮೀಟರ್‌ಗೆ 240 ದಾಟುತ್ತದೆ. ಬೆಂಡ್ ಲೆಕ್ಕ ಇದಕ್ಕಿಂತ ಕೆಟ್ಟದು. ವೆಲಾಸಿಟಿ ಪ್ರೆಶರ್, ಅಂದರೆ ಗಾಳಿಯ ಓಟದಿಂದ ಬರುವ ಒತ್ತಡ, 0.6 ಗುಣಿಸು ವೇಗದ ವರ್ಗ, ಇಲ್ಲಿ 194 ಪಾಸ್ಕಲ್. ಚೌಕ ಬೆಂಡ್ ಒಂದಕ್ಕೆ ಅದರ 1.2 ಪಟ್ಟು ಹೋಗುತ್ತದೆ. ನಾಲ್ಕು ಬೆಂಡ್ ಸೇರಿ 930 ಪಾಸ್ಕಲ್! ಫಿಲ್ಟರ್, ಹುಡ್‌ನ ಬಾಯಿ, ಮೇಲಿನ ಕೌಲ್ ಎಲ್ಲ ಸೇರಿಸಿದರೆ 1,500 ಮೀರುತ್ತದೆ. ನಮ್ಮ ಭಾಷೆಯಲ್ಲಿ 150 ಎಂಎಂ ವಾಟರ್ ಕಾಲಂ, ಅಂದರೆ ಅಷ್ಟು ಎತ್ತರದ ನೀರಿನ ಒತ್ತಡಕ್ಕೂ ಮೇಲೆ. ಹೋಟೆಲ್ ಬ್ಲೋವರ್ ಕೈಲಿ ಆಗುವ ಮಾತಲ್ಲ.

ಮಾಲೀಕರಿಗೆ ಇದನ್ನೇ ಹಾಳೆಯಲ್ಲಿ ಬರೆದು ತೋರಿಸಿದೆ. "ಇದೇ ಡಕ್ಟ್ ಇಟ್ಕೊಂಡು 2,200ರಿಂದ 4,000ಕ್ಕೆ ಹೋಗ್ಬೇಕು ಅಂದ್ರೆ ವಿದ್ಯುತ್ತು ಆರು ಪಟ್ಟು ಬೇಕು ಸಾರ್. ಈಗ ಎಳೀತಿರೋದು ಎರಡೂವರೆ ಎಚ್‌ಪಿ ಅಂತಿಟ್ಕೊಳ್ಳಿ, ಆಗ 15." ಅವರು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ಡಕ್ಟೇ ಬದಲಾಯಿಸಿ" ಅಂದರು.

ಹೊಸ ಅಳತೆ

ಎಸಿ ಡಕ್ಟ್ ಆಗಿದ್ದರೆ ಮೀಟರ್‌ಗೆ 0.8ರಿಂದ 1 ಪಾಸ್ಕಲ್ ಘರ್ಷಣೆ ಹಿಡಿದು, ಕೊನೆಯವರೆಗೂ ಅದೇ ಘರ್ಷಣೆ ಇರುವಂತೆ ಅಳತೆ ಇಳಿಸುತ್ತಾ ಹೋಗುತ್ತೇವೆ. ಅಡುಗೆಮನೆ ಎಕ್ಸಾಸ್ಟ್‌ಗೆ ನಾನು ಆ ದಾರಿ ಹಿಡಿಯುವುದಿಲ್ಲ, ವೇಗ ಮೊದಲು ನಿಗದಿ ಮಾಡುತ್ತೇನೆ. ತುಂಬಾ ನಿಧಾನವಾದರೆ ಡಕ್ಟ್ ಅನಗತ್ಯವಾಗಿ ದೊಡ್ಡದಾಗುತ್ತದೆ, ಜಾಗ ನುಂಗುತ್ತದೆ. ತುಂಬಾ ಜೋರಾದರೆ ಮೇಲೆ ಹೇಳಿದ ಕತೆ. ಎನ್‌ಎಫ್‌ಪಿಎ 96 ಅನ್ನುವ ಅಮೆರಿಕದ ಅಗ್ನಿ ಸುರಕ್ಷತೆಯ ಮಾನದಂಡ ಎಣ್ಣೆ ಡಕ್ಟ್‌ಗೆ ಕನಿಷ್ಠ ವೇಗ ನಿಮಿಷಕ್ಕೆ 500 ಅಡಿ ಅನ್ನುತ್ತದೆ. ಮೊದಲು ಅದರಲ್ಲಿ 1,500 ಇತ್ತು. ಕೈಗೆ ಸಿಕ್ಕ ಜಾಗದಲ್ಲಿ ನಾನು 1,500ರಿಂದ 1,800 ನಡುವೆ ಇಡುತ್ತೇನೆ.

4,000 ಸಿಎಫ್‌ಎಂಗೆ ಅದು ಎರಡೂಕಾಲು ಚದರ ಅಡಿಯ ಮೇಲೆ ಬರುತ್ತದೆ. ದುಂಡನೆಯ ಡಕ್ಟ್ ಆದರೆ 20-21 ಇಂಚು ವ್ಯಾಸ. ಶೀಟೂ ಕಡಿಮೆ, ಘರ್ಷಣೆಯೂ ಕಡಿಮೆ, ನನಗೆ ಅದೇ ಇಷ್ಟ. ಆದರೆ ಅಡುಗೆಮನೆಯಿಂದ ಶಾಫ್ಟ್‌ಗೆ ಹೋಗುವ ಓಣಿಯಲ್ಲಿ ಬೀಮ್ ಕೆಳಗೆ ಎತ್ತರ ಸಾಲದು. ಅಲ್ಲಿ 6 ಮೀಟರ್ ಅಡ್ಡ ಓಟ ಇದೆ. ಎಣ್ಣೆ ಹುಡ್ ಕಡೆಗೆ ಹರಿದು ಬರಲಿ ಅಂತ ಶೇಕಡಾ 2 ಇಳಿಜಾರು ಕೊಡಬೇಕು. 6 ಮೀಟರ್‌ಗೆ 120 ಎಂಎಂ. ಮೇಲೆ ಶಾಖ ತಡೆಯುವ ರಾಕ್‌ವೂಲ್ ಹೊದಿಕೆ 50. ಬಾಗಿಲ ಮೇಲೆ ತಲೆ ತಗಲದ ಹಾಗೆ ಇವೆಲ್ಲ ಕಳೆದರೆ ಡಕ್ಟ್ ಎತ್ತರಕ್ಕೆ ಉಳಿದದ್ದು 14 ಇಂಚು. ಹಾಗಾಗಿ 24 × 14, ಅಂದರೆ 600 × 350 ಎಂಎಂ. ಉದ್ದ-ಗಿಡ್ಡ ಬದಿಗಳ ಅನುಪಾತ 1.7. ನಾಲ್ಕು ದಾಟದಿದ್ದರೆ ಸಾಕು, ಇದು ಒಳ್ಳೆಯ ಆಕಾರವೇ.

600 × 350 ಅಂದರೆ 0.21 ಚದರ ಮೀಟರ್. ಹಳೆಯದರ ಸರಿಯಾಗಿ ಎರಡರಷ್ಟು. ವೇಗ ಅರ್ಧ, ಸೆಕೆಂಡಿಗೆ 9 ಮೀಟರ್. ವೆಲಾಸಿಟಿ ಪ್ರೆಶರ್ ಕಾಲು ಭಾಗ, 49 ಪಾಸ್ಕಲ್. ಡಕ್ಟ್ ಲೆಕ್ಕ ಹಾಕುವ ಡಕ್ಟುಲೇಟರ್ ಚಕ್ರ ತಿರುಗಿಸಿದರೆ ಇದಕ್ಕೆ ಸಮನಾದ ದುಂಡು ವ್ಯಾಸ ಸುಮಾರು 500 ಎಂಎಂ, ಘರ್ಷಣೆ ಮೀಟರ್‌ಗೆ 2 ಪಾಸ್ಕಲ್. 11 ಇದ್ದದ್ದು 2 ಆಯಿತು. ಡಕ್ಟ್ ಅಗಲ ಮಾಡುವುದರಲ್ಲಿ ಇರುವ ಲಾಭವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಲೆಕ್ಕ ನನಗೆ ಗೊತ್ತಿಲ್ಲ.

ಹುಡ್‌ಗೆ ಡಕ್ಟ್ ಸೇರುವ ಕಾಲರ್ ನಡುವಿನಿಂದ ಓಣಿ ಬದಿಗೆ ಸರಿಸಿದ್ದರಿಂದ ಒಂದು ಬೆಂಡ್ ಹೋಯಿತು. ಉಳಿದ ಮೂರನ್ನೂ ಗುಂಡಗೆ ಮಾಡಿದೆವು. ಬಾಗುವ ಬದಿ 350 ಎಂಎಂ, ಮಧ್ಯರೇಖೆಯ ತ್ರಿಜ್ಯವೂ 350. ಒಳಗೋಡೆಯ ತ್ರಿಜ್ಯ 175 ಬಂತು. ಇಂಥ ಬೆಂಡ್‌ಗೆ ವೆಲಾಸಿಟಿ ಪ್ರೆಶರ್‌ನ ಕಾಲು ಭಾಗ ಸಾಕು, ಒಂದಕ್ಕೆ 12 ಪಾಸ್ಕಲ್. ಚೌಕ ಬೆಂಡ್ ಒಳಗೆ ವೇನ್ (ಗಾಳಿ ತಿರುಗಿಸುವ ಬಾಗಿದ ಪಟ್ಟಿ) ಹಾಕಿ ಸುಧಾರಿಸಬಹುದಲ್ವಾ ಅಂತ ಯಾರಾದರೂ ಕೇಳಬಹುದು. ಎಸಿ ಡಕ್ಟ್‌ನಲ್ಲಿ ಖಂಡಿತ ಹಾಕಬಹುದು. ಎಣ್ಣೆ ಡಕ್ಟ್‌ನಲ್ಲಿ ಬೇಡ. ಪ್ರತಿ ವೇನ್ ಎಣ್ಣೆ ಕೂರಲು ಒಂದು ತಟ್ಟೆ ಆಗುತ್ತದೆ, ತೊಳೆಯಲು ಕೈ ಹೋಗುವುದಿಲ್ಲ.

ಒಟ್ಟು ಲೆಕ್ಕ, ಪಾಸ್ಕಲ್‌ನಲ್ಲಿ: ನೇರ ಓಟ 44, ಬೆಂಡ್ 37, ಹುಡ್ ಕಾಲರ್ 24, ಎಣ್ಣೆ ಹಿಡಿಯುವ ಹೊಸ ಬ್ಯಾಫಲ್ ಫಿಲ್ಟರ್ 100, ತುದಿಯಲ್ಲಿ ಹೊರಹೋಗುವಾಗ 49. ಸೇರಿ 254. ಫಿಲ್ಟರ್ ಎಣ್ಣೆ ಹಿಡಿದಾಗ ಇನ್ನೊಂದು 50, ಫ್ಯಾನ್ ಬಾಯಿಯ ಜೋಡಣೆಗೆ 50. ದುಂಡಗೆ 350 ಪಾಸ್ಕಲ್, ವಾಟರ್ ಕಾಲಂನಲ್ಲಿ 36 ಎಂಎಂ. ಫ್ಯಾನಿನ ಕ್ಷಮತೆ ಶೇಕಡಾ 55 ಹಿಡಿದರೂ ಅದನ್ನು ತಿರುಗಿಸುವ ದಂಡಕ್ಕೆ 1.2 ಕಿಲೋವ್ಯಾಟ್ ಸಾಕು. ಹೋಟೆಲ್‌ನಲ್ಲಿ ಇದ್ದ 3 ಎಚ್‌ಪಿ ಮೋಟಾರನ್ನೇ ಉಳಿಸಿಕೊಂಡೆವು. ಬ್ಲೋವರ್ ಮಾತ್ರ ಹೊಸದು: ಹಿಂದಕ್ಕೆ ಬಾಗಿದ ಬ್ಲೇಡ್, ಬೆಲ್ಟ್ ಡ್ರೈವ್, ಮೋಟಾರ್ ಗಾಳಿಯ ದಾರಿಯಿಂದ ಹೊರಗೆ.

ಬೆಂಗಳೂರಿನವರು ಗಮನಿಸಬೇಕಾದ ಒಂದು ವಿಷಯ ಇದೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅದರ ಮೇಲೆ ಹುಡ್ ಗಾಳಿ 45 ಡಿಗ್ರಿ ಬಿಸಿ. ಹಾಗಾಗಿ ಅದರ ಸಾಂದ್ರತೆ ಘನ ಮೀಟರ್‌ಗೆ 1.2 ಕೆಜಿ ಅಲ್ಲ, 1.0 ಅಷ್ಟೇ. ಮೇಲಿನ ಲೆಕ್ಕ ಎಲ್ಲ 1.2ರಲ್ಲಿ ಮಾಡಿದ್ದು, ಬ್ಲೋವರ್ ಕ್ಯಾಟಲಾಗ್ ಕೂಡ 1.2ರಲ್ಲೇ ಇರುತ್ತದೆ. ಎರಡೂ ಒಂದೇ ಸಾಂದ್ರತೆಯಲ್ಲಿ ಇದ್ದರೆ ಸಿಎಫ್‌ಎಂ ಸರಿಯಾಗಿ ಹೊಂದುತ್ತದೆ, ನಿಜವಾದ ಒತ್ತಡ ಮತ್ತು ಕರೆಂಟ್ ಮಾತ್ರ ಕಡಿಮೆ ಬರುತ್ತವೆ. ಒಂದನ್ನು ಊರಿನ ಸಾಂದ್ರತೆಯಲ್ಲಿ, ಇನ್ನೊಂದನ್ನು ಕ್ಯಾಟಲಾಗ್‌ನಲ್ಲಿ ಹಿಡಿದರೆ ಬ್ಲೋವರ್ ಚಿಕ್ಕದಾಗಿ ಬರುತ್ತದೆ.

ಶೀಟ್ ಕೆಲಸ

ಜಿಐ ಬಿಟ್ಟು 18 ಗೇಜ್ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಹಿಡಿದೆವು, 1.2 ಎಂಎಂ. ಕೀಲುಗಳೆಲ್ಲ ಟಿಗ್ ವೆಲ್ಡಿಂಗ್, ನೀರು ಹಾಕಿದರೂ ಸೋರಬಾರದು. ಹಳೇ ಡಕ್ಟ್‌ನ ಫ್ಲೇಂಜ್‌ಗಳಿಂದ ಎಣ್ಣೆ ತೊಟ್ಟಿಕ್ಕಿ ಓಣಿಯ ನೆಲವೆಲ್ಲ ಜಾರುತ್ತಿತ್ತು.

ಶೀಟ್ ಕತ್ತರಿಸುವ ವಿಷಯದಲ್ಲಿ ನಮ್ಮ ವೆಲ್ಡರ್ ಒಂದು ಒಳ್ಳೆಯ ದಾರಿ ತೋರಿಸಿದರು. ನಾನು ಎಲ್ ಆಕಾರದ ಎರಡು ತುಂಡು ಅಂತ ಗುರುತು ಹಾಕಿದ್ದೆ, ಎಲ್ಲರೂ ಹಾಗೇ ಮಾಡುವುದು. ಹಾಗೆ ಮಾಡಿದರೆ ಒಂದು ಕೀಲು ಮೇಲಿನ ಮೂಲೆಗೆ, ಇನ್ನೊಂದು ಎದುರಿನ ಕೆಳಮೂಲೆಗೆ ಬರುತ್ತದೆ. "ಅಣ್ಣ, ಕೆಳಗಡೆ ಕೀಲೇ ಬೇಡ. ಯು ಥರ ಬಗ್ಸಿ ಮೇಲೆ ಮುಚ್ಚಳ ಹಾಕೋಣ" ಅಂದರು. 350, 600, 350 ಸೇರಿ 1,300 ಎಂಎಂ ಯು, ಮುಚ್ಚಳ 600. 8 × 4 ಅಡಿ ಶೀಟ್‌ನ ಉದ್ದ 2,440. ಒಂದು ಶೀಟ್‌ನಲ್ಲಿ ಒಂದು ಯು, ಒಂದು ಮುಚ್ಚಳ ಸಲೀಸಾಗಿ ಬಂದು, ಉಳಿದ ಪಟ್ಟಿ ಮುಚ್ಚಳದ ಮಡಿಕೆಗೆ, ಕ್ಲೀನಿಂಗ್ ಬಾಗಿಲುಗಳಿಗೆ ಆಯಿತು. ಅಡ್ಡ ಓಟದಲ್ಲಿ ಎಣ್ಣೆ ಹರಿಯುವ ತಳದಲ್ಲಿ ಉದ್ದ ಕೀಲು ಒಂದೂ ಇಲ್ಲ. ಇನ್ನು ಮುಂದೆ ನಾನು ಎಣ್ಣೆ ಡಕ್ಟ್‌ಗೆ ಇದನ್ನೇ ಮಾಡಿಸುವುದು.

ತೂಕ ಮರೆಯಬಾರದು. ಮೀಟರ್‌ಗೆ 18 ಕೆಜಿ ಶೀಟ್ ಒಂದೇ, 22 ಮೀಟರ್‌ಗೆ 400 ಕೆಜಿ. ಫ್ಲೇಂಜ್, ರಾಕ್‌ವೂಲ್ ಬೇರೆ. ಹಳೇ ಡಕ್ಟ್‌ನ ತಂತಿ ಕೊಕ್ಕೆಗಳಿಗೆ ಇದನ್ನು ನೇತುಹಾಕುವ ಹಾಗಿಲ್ಲ. ಶಾಫ್ಟ್‌ನಲ್ಲಿ ಪ್ರತಿ ಮಹಡಿಯ ಬೀಮ್‌ಗೂ ಆ್ಯಂಗಲ್ ಫ್ರೇಮ್ ಕೂರಿಸಿ, ಓಣಿಯಲ್ಲಿ 2 ಮೀಟರ್‌ಗೊಂದು ಟ್ರಪೀಜ್ (ಎರಡು ರಾಡ್‌ಗೆ ನೇತುಬಿಟ್ಟ ಅಡ್ಡಪಟ್ಟಿ) ಹಾಕಿದೆವು. ಪ್ರತಿ ಬೆಂಡ್ ಪಕ್ಕ ಕೈ ಮತ್ತು ಬ್ರಷ್ ಹೋಗುವಷ್ಟು ದೊಡ್ಡ ಬಾಗಿಲು.

ಬ್ಲೋವರ್ ಈಗ ತಾರಸಿಯಲ್ಲಿದೆ. ಮೊದಲ ಮಹಡಿಯ ಘಾಟಿಗೆ ಕಾರಣ ಅದು ಕೆಳಗಿದ್ದದ್ದೇ. ಕೆಳಗಿನಿಂದ ತಳ್ಳಿದರೆ ಇಡೀ ಡಕ್ಟ್ ಒಳಗೆ ಒತ್ತಡ, ಪ್ರತಿ ಸಂದಿಯಿಂದ ಹೊಗೆ ಹೊರಗೆ. ಮೇಲಿನಿಂದ ಎಳೆದರೆ ಡಕ್ಟ್ ಒಳಗೆ ಸಕ್ಷನ್, ಎಲ್ಲಾದರೂ ಸಂದಿ ಇದ್ದರೂ ಗಾಳಿ ಒಳಗೇ ಹೋಗುತ್ತದೆ. ಡಕ್ಟ್ ಮತ್ತು ಬ್ಲೋವರ್ ನಡುವೆ ಕ್ಯಾನ್ವಾಸ್ ಹಾಕಲಿಲ್ಲ, ಎಣ್ಣೆ ಕುಡಿದ ಬಟ್ಟೆ ಬೆಂಕಿಗೆ ದೀಪದ ಬತ್ತಿ. ಟೋಪಿ ಕೌಲ್ ತೆಗೆದು, ಗಾಳಿ ನೇರ ಮೇಲಕ್ಕೆ ಚಿಮ್ಮುವ ಹಾಗೆ ಸ್ಟ್ಯಾಕ್ ಕೊಟ್ಟು, ಬ್ಲೋವರ್ ತಳದಲ್ಲಿ ಮಳೆನೀರು ಮತ್ತು ಎಣ್ಣೆಗೆ ಡ್ರೈನ್ ಇಟ್ಟೆವು.

ಹೊರಗೆ ಹೋದಷ್ಟು ಒಳಗೂ ಬರಬೇಕು

ಬರೀ ಎಕ್ಸಾಸ್ಟ್ ಸರಿ ಮಾಡಿ ಬಂದರೆ ಕೆಲಸ ಅರ್ಧ. 4,000 ಸಿಎಫ್‌ಎಂ ಹೊರಗೆ ಎಳೆದರೆ ಅಷ್ಟೇ ಗಾಳಿ ಎಲ್ಲಿಂದಲೋ ಬರಬೇಕು. ಕೊಡದಿದ್ದರೆ ಹಾಲ್ ಬಾಗಿಲು ಎಳೆಯಲು ಬಲ ಹಾಕಬೇಕಾಗುತ್ತದೆ, ಭಟ್ಟಿಯ ಉರಿ ಓಲಾಡುತ್ತದೆ, ಚರಂಡಿ ವಾಸನೆ ಒಳಗೆ ಬರುತ್ತದೆ. ಶೇಕಡಾ 80, ಅಂದರೆ 3,200 ಸಿಎಫ್‌ಎಂ ಹೊಸ ಗಾಳಿ ಕೊಟ್ಟೆವು. ಉಳಿದ 800 ಹಾಲ್‌ನಿಂದ ಅಡುಗೆಮನೆಗೆ ಬರುತ್ತದೆ, ಹಾಗಾಗಿ ವಾಸನೆ ಹಾಲ್ ಕಡೆ ತಿರುಗುವುದಿಲ್ಲ.

ಈ ಡಕ್ಟ್‌ಗೆ ವೇಗ ಬೇರೆ. ಎಣ್ಣೆ ಇಲ್ಲ, ಸದ್ದು ಬೇಡ, ಹಾಗಾಗಿ ನಿಮಿಷಕ್ಕೆ 1,100 ಅಡಿ ಆಸುಪಾಸು. 30 × 14 ಇಂಚು, 24 ಗೇಜ್ ಜಿಐ ಸಾಕು. ಹುಡ್ ಹತ್ತಿರ ಗಾಳಿ ಬಿಡುವ ಕಡೆ ಮಾತ್ರ ತುಂಬಾ ಎಚ್ಚರ ಬೇಕು. ಅಲ್ಲಿ ಜೋರಾಗಿ ಬಿಟ್ಟರೆ ಕಾವಲಿಯ ಹೊಗೆಯನ್ನು ಆ ಗಾಳಿಯೇ ಚದುರಿಸಿಬಿಡುತ್ತದೆ. 10 ಅಡಿ ಉದ್ದ, 2 ಅಡಿ ಅಗಲದ ತೂತಿನ ಶೀಟ್ ಪೆಟ್ಟಿಗೆ ಮಾಡಿ, ನಿಮಿಷಕ್ಕೆ 160 ಅಡಿ ವೇಗದಲ್ಲಿ ಮೆಲ್ಲಗೆ ಇಳಿಯುವ ಹಾಗೆ ಮಾಡಿದೆವು. ದೋಸೆ ಭಟ್ಟರ ಬೆನ್ನಿಗೆ ತಂಪಾಗಿ ಬೀಳುತ್ತದೆ. ಅವರಿಗೆ ಇಡೀ ಕೆಲಸದಲ್ಲಿ ಇಷ್ಟವಾದದ್ದು ಇದೇ.

ಅಳತೆ

ಶಾಫ್ಟ್‌ನ ನೇರ ಓಟದಲ್ಲಿ, ಕೆಳಗಿನ ಬೆಂಡ್‌ನಿಂದ ಸಾಕಷ್ಟು ಮೇಲೆ, ಎರಡನೇ ಮಹಡಿಯ ಕಿಟಕಿಯಿಂದ ಕೈ ಸಿಗುವ ಕಡೆ ತೂತು ಕೊರೆದು, ವೆಲಾಸಿಟಿ ಪ್ರೆಶರ್ ಅಳೆಯುವ ಪಿಟಾಟ್ ಟ್ಯೂಬ್ ಹಾಕಿದೆವು. ಐದು ಸಾಲು, ಸಾಲಿಗೆ ಐದು ಬಿಂದು. ಪ್ರತಿ ಬಿಂದುವಿನ ಒತ್ತಡದಿಂದ ವೇಗ ತೆಗೆದು, ಆಮೇಲೆ ವೇಗಗಳ ಸರಾಸರಿ ಮಾಡಬೇಕು. ಒತ್ತಡವನ್ನೇ ಸರಾಸರಿ ಮಾಡಿದರೆ ಉತ್ತರ ತಪ್ಪುತ್ತದೆ. ಸರಾಸರಿ ಬಂದದ್ದು ಸೆಕೆಂಡಿಗೆ 8.7 ಮೀಟರ್, ಸುಮಾರು 3,870 ಸಿಎಫ್‌ಎಂ. ಇಲ್ಲೂ ಸಾಂದ್ರತೆ 1.0 ಹಾಕಬೇಕು. ಮೀಟರ್‌ನಲ್ಲಿ 1.2 ಇದ್ದದ್ದನ್ನು ಹಾಗೇ ಬಿಟ್ಟಿದ್ದರೆ ಅದೇ ಗಾಳಿ 3,530 ಅಂತ ತೋರಿಸುತ್ತಿತ್ತು. ಆಗ ಸುಮ್ನೆ ಪುಲ್ಲಿ ಬದಲಿಸುವ ಕೆಲಸ ಶುರುವಾಗುತ್ತಿತ್ತು.

4,000ಕ್ಕೆ ಶೇಕಡಾ 3ರಷ್ಟು ಕಡಿಮೆ, ಒಪ್ಪಿಕೊಳ್ಳಬಹುದು. ಮೋಟಾರ್ ಪೂರ್ತಿ ಲೋಡ್ ಮುಟ್ಟಿಲ್ಲ. ಬೆಳಗಿನ ರಶ್ಶಿನಲ್ಲಿ ಎರಡೂ ಕಾವಲಿ ತುಂಬಿದಾಗ ನಿಂತು ನೋಡಿದೆವು. ಹುಡ್‌ನ ಮುಂದಿನ ಅಂಚಿನಿಂದ ಹೊಗೆ ಹೊರಗೆ ಬರಲಿಲ್ಲ. ಕಾವಲಿಗೆ ನೀರು ಚಿಮುಕಿಸಿದಾಗ ಏಳುವ ದೊಡ್ಡ ಆವಿ ಕೂಡ ಒಂದು ಕ್ಷಣ ಉಬ್ಬಿ ಒಳಗೇ ಹೋಯಿತು.

ಹೊಸ ಫಿಲ್ಟರ್‌ನಲ್ಲಿ ಆಚೆ-ಈಚೆ ಒತ್ತಡದ ವ್ಯತ್ಯಾಸ 8 ಎಂಎಂ ವಾಟರ್ ಕಾಲಂ ಬಂತು. ಆ ಸಂಖ್ಯೆ ಮತ್ತು ತಾರೀಖನ್ನು ಹುಡ್ ಪಕ್ಕದ ಗೋಡೆಗೆ ಬರೆದು, ಆ ಒತ್ತಡ ತೋರಿಸುವ ಒಂದು ಚಿಕ್ಕ ಮ್ಯಾನೋಮೀಟರ್ ಕೂರಿಸಿದೆವು. 13 ಎಂಎಂ ಮುಟ್ಟಿದರೆ ಫಿಲ್ಟರ್ ಬಿಚ್ಚಿ ಬಿಸಿನೀರು ಸೋಡಾದಲ್ಲಿ ತೊಳೆಯಬೇಕು. ತೊಳೆದ ಮೇಲೂ ಇಳಿಯದಿದ್ದರೆ ಫಿಲ್ಟರ್ ಪೂರ್ತಿ ಶುದ್ಧ ಆಗಿಲ್ಲ ಅಂತ ಅರ್ಥ. ಫಿಲ್ಟರ್ ಸರಿ ಇದ್ದು ಮೀಟರ್ 8ಕ್ಕಿಂತ ತುಂಬಾ ಕೆಳಗೆ ಬಿದ್ದರೆ ಗಾಳಿಯೇ ಕಡಿಮೆ ಆಗಿದೆ. ಆಗ ಮೊದಲು ಬೆಲ್ಟ್ ನೋಡಿ, ಆಮೇಲೆ ಬೆಂಡ್‌ಗಳ ಬಾಗಿಲು ತೆಗೆಯಬೇಕು. ಅಡುಗೆಮನೆಯ ಉಸ್ತುವಾರಿ ನೋಡುವವರಿಗೆ ಇದನ್ನು ಎದುರಿಗೇ ಮಾಡಿ ತೋರಿಸಿ, ಬಾಗಿಲ ಬೋಲ್ಟ್‌ಗೆ ಸರಿಯಾದ ಸ್ಪ್ಯಾನರ್ ಒಂದನ್ನು ಅಲ್ಲೇ ಮೊಳೆಗೆ ನೇತುಹಾಕಿ ಬಂದೆವು.